ಭಕ್ತಿಯೂ ಕೂಲಿಯೂ: ಕೊಡಗಿಗೆ ಒಬ್ಬ ಧಾರ್ಮಿಕ ಎಡನಾಯಕಿ ಬಂದರೆ

ನಮ್ಮ ಮನೆಯ ಹಿಂದೆ, ಕಾಫಿ ಒಣಗಿಸುವ ಕಣ ದಾಟಿದರೆ, ತೋಟದ ಕೂಲಿಯವರು ಇರುವ ಒಂದು ಲೈನ್ ಮನೆ ಇತ್ತು. ಮೂರು ಕೋಣೆ, ಮೂರು ಸಂಸಾರ. ಸಂಜೆ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಅಲ್ಲೂ ಒಂದು ದೀಪ ಹೊತ್ತುತ್ತಿತ್ತು. ಎರಡೂ ಕಡೆ ಗೋಡೆಯ ಮೇಲೆ ಅದೇ ಅಯ್ಯಪ್ಪನ ಪಟ. ಸುಗ್ಗಿ ಹಬ್ಬ ಪುತ್ತರಿಯ ದಿನ ಅವರು ನಮ್ಮ ಅಂಗಳದವರೆಗೆ ಬರುತ್ತಿದ್ದರು. ಊಟ ಮಾತ್ರ ಹಿಂದಿನ ಬಾಗಿಲಲ್ಲಿ. ಇದರಲ್ಲಿ ಕೇಳುವಂಥದ್ದು ಏನಾದರೂ ಇದೆ ಅಂತ ನನಗೆ ಅನಿಸಿದ್ದು ತುಂಬಾ ತಡವಾಗಿ.

ಕೊಡಗಿನಲ್ಲಿ ದೇವರ ಮೇಲೆ ಭಕ್ತಿ ಇಲ್ಲದ ಮನೆ ಸಿಗುವುದು ಕಷ್ಟ. ತೋಟದ ಕೂಲಿಯ ಮೇಲೆ ನಿಲ್ಲದ ಊರು ಸಿಗುವುದೂ ಕಷ್ಟ. ಹಾಗಿದ್ದರೂ ದೇವರನ್ನು ನಂಬಿಕೊಂಡೇ ಕೂಲಿಯವರ ಪರ ನಿಲ್ಲುವ ಒಂದು ಪಕ್ಷ ಇಲ್ಲಿ ಯಾಕೆ ಹುಟ್ಟಲಿಲ್ಲ? ಈ ಬಗೆಯ ರಾಜಕೀಯವನ್ನು ಧಾರ್ಮಿಕ ಎಡಪಂಥ ಅನ್ನುತ್ತಾರೆ. ಭೂಮಿ, ಕೂಲಿ, ಸಮಾನತೆ ಇವೇ ಇದರ ಬೇಡಿಕೆ. ಆದರೆ ಅದಕ್ಕೆ ಕಾರಣ ಕೇಳಿದರೆ ಇವರು ಶಾಸ್ತ್ರದಿಂದಲೋ ಸಂತರ ಮಾತಿನಿಂದಲೋ ಉತ್ತರ ಕೊಡುತ್ತಾರೆ. ಹನ್ನೆರಡನೇ ಶತಮಾನದಲ್ಲೇ ಕಾಯಕ, ದಾಸೋಹ ಅಂದ ನಾಡು ನಮ್ಮದು. ಇದನ್ನು ಹೊರಗಿನ ಸರಕು ಅನ್ನಲು ಆಗುವುದಿಲ್ಲ.

ಉತ್ತರ ಹುಡುಕಲು ನಾನು ಒಬ್ಬ ನಾಯಕಿಯನ್ನು ಕಲ್ಪಿಸಿಕೊಂಡಿದ್ದೇನೆ. ಹೆಸರು ಇಡುವುದಿಲ್ಲ, ಅಕ್ಕ ಅಂತ ಕರೆಯುತ್ತೇನೆ. ಗೋಣಿಕೊಪ್ಪದ ಕಡೆಯವಳು, ಸಣ್ಣ ಬೆಳೆಗಾರರ ಮಗಳು. ದಿನಾ ಪೂಜೆ ಮಾಡುವವಳು, ಉಪವಾಸ ಹಿಡಿಯುವವಳು. ಪಕ್ಷ ಕಟ್ಟಲು ಹೊರಟಿದ್ದಾಳೆ. ಅವಳ ರಾಜಕೀಯ ಹೇಗೆ ಸಾಗಬಹುದು, ಅವಳ ಮನೆಯೊಳಗೆ ಏನಾಗಬಹುದು?

ಮೊದಲ ತೊಡಕು ಮತದ ಲೆಕ್ಕದಲ್ಲೇ ಇದೆ. 2011ರ ಜನಗಣತಿ ಪ್ರಕಾರ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷದ ಆಸುಪಾಸು. ಅದರಲ್ಲಿ ಪರಿಶಿಷ್ಟ ಪಂಗಡದವರು ಶೇಕಡಾ 10ಕ್ಕಿಂತ ಸ್ವಲ್ಪ ಜಾಸ್ತಿ, ಪರಿಶಿಷ್ಟ ಜಾತಿಯವರು ಶೇಕಡಾ 13ರಷ್ಟು. ಮೊದಲು ಜಿಲ್ಲೆಗೆ ಮೂರು ವಿಧಾನಸಭಾ ಕ್ಷೇತ್ರ ಇತ್ತು, ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. 2008ರ ಚುನಾವಣೆಯಿಂದ ಕ್ಷೇತ್ರ ಎರಡೇ ಆದವು, ಮಡಿಕೇರಿ ಮತ್ತು ವಿರಾಜಪೇಟೆ. ಎರಡೂ ಸಾಮಾನ್ಯ ಕ್ಷೇತ್ರ. ಯರವ ಅಥವಾ ಜೇನುಕುರುಬ ಬುಡಕಟ್ಟಿನ ಹುಡುಗಿಯೊಬ್ಬಳು ಶಾಸಕಿಯಾಗುವ ದಾರಿ ಆವತ್ತಿನಿಂದ ಜಾಸ್ತಿ ಕಿರಿದಾಯಿತು. ಇದರ ಬಗ್ಗೆ ನಮ್ಮಲ್ಲಿ ಎಷ್ಟು ಕಡಿಮೆ ಮಾತು ನಡೆದಿದೆ ಅಂತ ಯೋಚಿಸಿದರೆ ಬೇಸರವಾಗುತ್ತದೆ. ನಮ್ಮ ಅಕ್ಕ ಬೆಳೆಗಾರರ ಮನೆಯವಳು ಅಂತ ನಾನು ಇಟ್ಟುಕೊಂಡದ್ದೂ ಇದೇ ಕಾರಣಕ್ಕೆ. ಈಗಿನ ವ್ಯವಸ್ಥೆಯಲ್ಲಿ ಗೆಲ್ಲುವ ದೂರಕ್ಕೆ ಬರಬಲ್ಲವಳು ಅಂಥವಳೇ.

ಎರಡನೆಯ ತೊಡಕು ಇಲ್ಲಿ ಧರ್ಮ ರಾಜಕೀಯಕ್ಕೆ ಬರುವ ರೀತಿಯದ್ದು. 2015ರ ನವೆಂಬರ್‌ನಲ್ಲಿ ಟಿಪ್ಪು ಜಯಂತಿ ಗಲಾಟೆಯಾಗಿ ಮಡಿಕೇರಿಯಲ್ಲಿ ಜೀವ ಹೋಯಿತು. 2024ರ ಡಿಸೆಂಬರ್‌ನಲ್ಲಿ ಕಟ್ಟೆಮಾಡಿನ ದೇವಸ್ಥಾನದ ಉತ್ಸವದಲ್ಲಿ ಉಡುಪಿನ ವಿಚಾರಕ್ಕೆ ಅಕ್ಕಪಕ್ಕದ ಎರಡು ಸಮುದಾಯಗಳ ನಡುವೆ ಜಗಳವಾಯಿತು. ಎರಡೂ ಸಲ ಕೇಳಿದ ಪ್ರಶ್ನೆ ಒಂದೇ, ನಾವು ಯಾರು ಅನ್ನುವುದು. ಆ ಊರುಗಳ ಸುತ್ತಲಿನ ತೋಟದಲ್ಲಿ ಕೆಲಸ ಮಾಡುವವರು ಯಾರು, ಅವರು ಎಲ್ಲಿ ಮಲಗುತ್ತಾರೆ ಅಂತ ಯಾರೂ ಕೇಳಲಿಲ್ಲ. ಅತ್ತ ಕಾರ್ಮಿಕ ಸಂಘದವರು ಕೂಲಿ ಬಗ್ಗೆ ಮಾತಾಡುತ್ತಾರೆ. ಸಿದ್ದಾಪುರದ ಕಡೆ ಕೆಂಬಾವುಟ ಹೊಸತೇನಲ್ಲ. ಆದರೆ ಅವರು ದೇವರ ಮಾತೆತ್ತುವುದಿಲ್ಲ. ಎತ್ತಿದರೆ ತಮ್ಮವರೇ ತಪ್ಪು ತಿಳಿಯುತ್ತಾರೇನೋ ಅನ್ನುವ ಅಳುಕು. ಹೀಗೆ ಭಕ್ತಿ ಒಂದು ಕಡೆ ಉಳಿಯಿತು, ಕೂಲಿ ಇನ್ನೊಂದು ಕಡೆ.

ನನ್ನ ಅಕ್ಕ ಎರಡನ್ನೂ ಜೋಡಿಸಲು ಎಲ್ಲಿಂದ ಶುರು ಮಾಡಬೇಕು? ನನ್ನನ್ನು ಕೇಳಿದರೆ ದೇವರಕಾಡಿನಿಂದ.

ಕೊಡಗಿನಲ್ಲಿ 1,214 ದೇವರಕಾಡುಗಳಿವೆ ಅಂತ ಲೆಕ್ಕ. ಊರಿಗೊಂದು, ಕೆಲವು ಊರಿಗೆ ಎರಡು ಮೂರು. ಆ ಕಾಡಿಗೆ ಮಾಲೀಕ ಇಲ್ಲ, ಅಲ್ಲಿನ ಮರ ಕಡಿಯುವ ಹಾಗಿಲ್ಲ, ಅದು ದೇವರದ್ದು. ಅಂದರೆ ಎಲ್ಲರದ್ದು. ಭೂಮಿ ಒಬ್ಬನ ಸ್ವತ್ತಾಗಬಾರದು ಅನ್ನುವ ಮಾತನ್ನು ನಮ್ಮ ಹಿರಿಯರು ಯಾವ ಸಿದ್ಧಾಂತದ ಹೆಸರೂ ಹೇಳದೆ ಭಕ್ತಿಯ ಮೂಲಕ ಪಾಲಿಸಿದ್ದರು. ಆಮೇಲೆ ಏನಾಯಿತು? ಒಂದು ಕಾಲಕ್ಕೆ ದೇವರಕಾಡಿನ ಒಟ್ಟು ವಿಸ್ತೀರ್ಣ 15 ಸಾವಿರ ಎಕರೆ ದಾಟಿತ್ತು. 1980ರ ದಶಕದ ಹೊತ್ತಿಗೆ 6 ಸಾವಿರ ಎಕರೆಯ ಸುಮಾರಿಗೆ ಇಳಿದಿತ್ತು. ಕಳೆದುಹೋದದ್ದು ಬಹುಪಾಲು ತೋಟವಾಯಿತು. ಇದನ್ನು ಮಾಡಿದವರು ನಾಸ್ತಿಕರಲ್ಲ. ವರ್ಷವರ್ಷ ಅದೇ ದೇವರ ಹಬ್ಬಕ್ಕೆ ಹೋಗಿ ಕೈಮುಗಿಯುವವರು, ನಮ್ಮಂಥವರು.

ಅಕ್ಕ ಊರಿನ ಹಬ್ಬದಲ್ಲಿ ಎದ್ದು ನಿಂತು, ದೇವರ ಜಾಗ ದೇವರಿಗೆ ಬಿಡಿ, ಬೇಲಿ ಹಿಂದೆ ಸರಿಸಿ ಅಂತ ಹೇಳಿದಳು ಅಂದುಕೊಳ್ಳೋಣ. ಅದನ್ನು ಧರ್ಮವಿರೋಧಿ ಮಾತು ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಮಾರನೆ ದಿನದಿಂದ ಅವಳಿಗೆ ಫೋನು ಬರುವುದು ನಿಲ್ಲುತ್ತದೆ. ಅವಳ ದೊಡ್ಡಪ್ಪನ ಬೇಲಿಯೂ ಎರಡು ಎಕರೆ ಒಳಗೆ ಬಂದಿರುತ್ತದೆ, ಅಲ್ವಾ? ರಾಜಕೀಯ ಮತ್ತು ಮನೆ ಬೇರೆ ಬೇರೆ ಅನ್ನುವ ಮಾತು ಅಲ್ಲಿಗೇ ಮುಗಿಯುತ್ತದೆ. ಬೇರೆ ನಾಯಕರಿಗೆ ವೈಯಕ್ತಿಕ ಬದುಕು ಅಂದರೆ ಗಂಡ, ಹೆಂಡತಿ, ಮಕ್ಕಳು. ಧಾರ್ಮಿಕ ಎಡನಾಯಕಿಗೆ ಅದು ಬೇಲಿ, ಅಡುಗೆಮನೆ, ಲೈನ್ ಮನೆ. ದೇವರ ಹೆಸರಲ್ಲಿ ಬಡವರ ಪರ ಮಾತಾಡುವವರು ಬದುಕುವ ರೀತಿಯೇ ಅವರ ಪ್ರಣಾಳಿಕೆ. ಜನ ಮೊದಲು ಓದುವುದು ಅದನ್ನೇ.

ಈ ದಾರಿಯಲ್ಲಿ ನಿಜವಾಗಿ ನಡೆದವರ ಬದುಕು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸ್ವಾಮಿ ಸಹಜಾನಂದ ಸರಸ್ವತಿ 1889ರಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿಗೇ ಮದುವೆಯಾಯಿತು, ಹೆಂಡತಿ ಬೇಗ ತೀರಿಕೊಂಡರು, ಅವರು ಸನ್ಯಾಸಿಯಾದರು. ಶುರುವಿನಲ್ಲಿ ಅವರು ದುಡಿದದ್ದು ತಮ್ಮ ಜಾತಿಯ ಸಂಘಟನೆಗೆ. ಅದು ಭೂಮಿ ಉಳ್ಳವರ ಜಾತಿ. ಬಿಹಾರದ ಬಿಹ್ತಾದಲ್ಲಿ ಆಶ್ರಮ ಮಾಡಿಕೊಂಡು ಇದ್ದಾಗ ಸುತ್ತಲಿನ ರೈತರ ಕಷ್ಟ ಕಣ್ಣಿಗೆ ಬಿತ್ತು. ಜಮೀನ್ದಾರರನ್ನೂ ರೈತರನ್ನೂ ರಾಜಿ ಮಾಡಿಸಬಹುದು ಅಂತ ಮೊದಲು ನಂಬಿದ್ದರು. 1929ರಲ್ಲಿ ಬಿಹಾರದ ಕಿಸಾನ್ ಸಭೆ ಕಟ್ಟಿದರು. 1934ರ ಭೂಕಂಪ ಆದ ಮೇಲೆ ಗೇಣಿ ವಸೂಲಿಯ ಕಾಟದ ಬಗ್ಗೆ ಗಾಂಧೀಜಿಯ ಹತ್ತಿರ ಹೇಳಿಕೊಂಡರು. ದರ್ಭಾಂಗದ ಮಹಾರಾಜರ ಕಡೆಯವರಿಗೆ ತಿಳಿಸಿದರೆ ಸರಿಹೋಗುತ್ತದೆ ಅನ್ನುವ ಉತ್ತರ ಸಿಕ್ಕಿತು. ಅಲ್ಲಿಂದ ಅವರ ದಾರಿ ಬೇರೆಯಾಯಿತು. 1936ರಲ್ಲಿ ಲಖನೌನಲ್ಲಿ ಅಖಿಲ ಭಾರತ ಕಿಸಾನ್ ಸಭೆ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರು ಈ ಕಾವಿ ಬಟ್ಟೆಯವರೇ. ಕೈಯಲ್ಲಿ ದಂಡ, ಜೊತೆಗೆ ಕಮ್ಯುನಿಸ್ಟರು, ಸಮಾಜವಾದಿಗಳು. ಸನ್ಯಾಸ ಬಿಡಲಿಲ್ಲ, ಜಾತಿಯ ಸಂಘಟನೆ ಬಿಟ್ಟರು.

ಇದನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಅವರು ದೇವರನ್ನು ಬಿಡಬೇಕಾಗಿ ಬರಲಿಲ್ಲ. ಬಿಡಬೇಕಾಗಿ ಬಂದದ್ದು ತಮ್ಮವರನ್ನು.

ಉರ್ದು ಕವಿ, ಸ್ವಾತಂತ್ರ್ಯ ಹೋರಾಟಗಾರ ಮೌಲಾನಾ ಹಸ್ರತ್ ಮೊಹಾನಿ ಅವರದ್ದೂ ಅಂಥದ್ದೇ ಬದುಕು. 1925ರಲ್ಲಿ ಕಾನ್ಪುರದಲ್ಲಿ ಕಮ್ಯುನಿಸ್ಟರ ಸಮ್ಮೇಳನ ನಡೆದಾಗ ಸ್ವಾಗತ ಸಮಿತಿಯ ಅಧ್ಯಕ್ಷರು ಅವರೇ. ಹಜ್ ಯಾತ್ರೆಗೂ ಹೋಗುತ್ತಿದ್ದರು, ಕೃಷ್ಣನ ಮೇಲಿನ ಪ್ರೀತಿಯಿಂದ ಮಥುರಾಕ್ಕೂ ಹೋಗುತ್ತಿದ್ದರು. ಸಂವಿಧಾನ ಸಭೆಯ ಸದಸ್ಯರಾದ ಮೇಲೂ ರೈಲಿನಲ್ಲಿ ಮೂರನೇ ದರ್ಜೆಯೇ. ಅವರ ಹೆಂಡತಿ ನಿಶಾತುನ್ನಿಸಾ ಬೇಗಂ ಅವರನ್ನು ಇಲ್ಲಿ ನೆನೆಯಲೇಬೇಕು. ಗಂಡ ಜೈಲಿನಲ್ಲಿದ್ದಾಗ ಮನೆ ನೋಡಿಕೊಂಡವರು, ಸಾರ್ವಜನಿಕವಾಗಿ ಮಾತಾಡಿದವರು ಆಕೆ. ಇಂಥ ನಾಯಕರ ಸರಳ ಬದುಕನ್ನು ಹೊಗಳುವಾಗ ಆ ಸರಳತೆಯ ಖರ್ಚು ಯಾರು ಕೊಟ್ಟರು ಅಂತಲೂ ನೋಡಬೇಕು. ಬಹಳ ಸಲ ಅದನ್ನು ಕೊಟ್ಟವಳು ಮನೆಯ ಹೆಂಗಸು. ನಮ್ಮ ಅಕ್ಕನಿಗೆ ಅಂಥ ಹೆಂಡತಿ ಇಲ್ಲ. ಅವಳ ಗಂಡ ಹೊಂದಿಕೊಳ್ಳದಿದ್ದರೆ, ಮನೆ ನೋಡಿಕೊಳ್ಳಲಾಗದವಳು ಊರು ನೋಡುತ್ತಾಳಾ ಅಂತ ಜನ ಕೇಳುತ್ತಾರೆ. ಮೊಹಾನಿ ಅವರನ್ನು ಯಾರೂ ಹಾಗೆ ಕೇಳಿರಲಿಕ್ಕಿಲ್ಲ.

ಕೊಡಗಿಗೆ ನೇರವಾಗಿ ಬೇಕಾದ ಪಾಠ ಇರುವುದು ಸ್ವಾಮಿ ಅಗ್ನಿವೇಶರ ಬದುಕಿನಲ್ಲಿ. ಆಂಧ್ರದ ಶ್ರೀಕಾಕುಳಂ ಕಡೆಯವರು, ಕಲ್ಕತ್ತಾದಲ್ಲಿ ಉಪನ್ಯಾಸಕರಾಗಿದ್ದವರು. ಆರ್ಯ ಸಮಾಜ ಸೇರಿ ಸನ್ಯಾಸಿಯಾದರು, 1970ರಲ್ಲಿ ಆರ್ಯ ಸಭಾ ಅನ್ನುವ ಪಕ್ಷ ಕಟ್ಟಿದರು. ಹರಿಯಾಣದಲ್ಲಿ ಶಾಸಕರಾಗಿ, ಶಿಕ್ಷಣ ಮಂತ್ರಿಯೂ ಆದರು. ಫರೀದಾಬಾದಿನಲ್ಲಿ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ತಮ್ಮದೇ ಸರ್ಕಾರವನ್ನು ಪ್ರಶ್ನಿಸಿ ಹೊರಬಂದರು. 1981ರಲ್ಲಿ ಜೀತದಾಳುಗಳ ಬಿಡುಗಡೆಗಾಗಿ ಅವರ ಬಂಧುವಾ ಮುಕ್ತಿ ಮೋರ್ಚಾ ಶುರುವಾಯಿತು. ಕಲ್ಲುಕ್ವಾರಿಯ ಜೀತದಾಳುಗಳ ಬಗ್ಗೆ ಅವರು ತಂದ ಮೊಕದ್ದಮೆಯಲ್ಲಿ 1983ರ ಕೊನೆಗೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬಲವಂತದ ದುಡಿಮೆ ಕಂಡುಬಂದರೆ ಅದು ಮುಂಗಡ ಸಾಲದ ಕಾರಣಕ್ಕೇ ನಡೆಯುತ್ತಿದೆ ಅಂತ ಮೊದಲು ಭಾವಿಸಬೇಕು, ಅಲ್ಲ ಅಂತ ತೋರಿಸುವುದು ಮಾಲೀಕನ ಹೊಣೆ ಅಂದಿತು. ಜೀತವನ್ನು 1976ರ ಕಾಯ್ದೆ ನಿಷೇಧಿಸಿತ್ತು ನಿಜ. ಆ ಕಾಯ್ದೆಗೆ ಹಲ್ಲು ಬಂದದ್ದು ಈ ತೀರ್ಪಿನಿಂದ.

ತೋಟದಲ್ಲಿ ಬೆಳೆದವರಿಗೆ ಮುಂಗಡ ಅನ್ನುವ ಪದ ಹೊಸತಲ್ಲ. ಮದುವೆಗೆ, ಆಸ್ಪತ್ರೆಗೆ, ಹಬ್ಬಕ್ಕೆ ಅಂತ ಸಾವ್ಕಾರರು ದುಡ್ಡು ಕೊಡುತ್ತಾರೆ. ಅದು ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಬರೆದಿರುತ್ತದೆ. ಆ ಸಾಲ ತೀರುವವರೆಗೆ ಬೇರೆ ತೋಟಕ್ಕೆ ಹೋಗುವ ಹಾಗಿಲ್ಲ. ಗಡಿಯಾಚೆ ವಯನಾಡಿನ ವಳ್ಳಿಯೂರ್‌ಕಾವು ದೇವಸ್ಥಾನದ ಉತ್ಸವದಲ್ಲಿ ಹಿಂದೆ ಜಮೀನ್ದಾರರು ಪಣಿಯ ಬುಡಕಟ್ಟಿನವರನ್ನು ಒಂದು ವರ್ಷದ ಮಟ್ಟಿಗೆ ಗೊತ್ತು ಮಾಡಿಕೊಳ್ಳುತ್ತಿದ್ದರು. ದೇವಿಯ ಎದುರು ದುಡ್ಡು ಕೈಬದಲಾದರೆ ಆ ಆಳು ಮುಂದಿನ ವರ್ಷದವರೆಗೆ ಅಲ್ಲಾಡುವಂತಿಲ್ಲ. ಮಾತಿಗೆ ದೇವಿಯೇ ಸಾಕ್ಷಿ. ಅದೇ ಭಕ್ತಿ ಬಿಡುಗಡೆಗೂ ಆಗಬೇಕು ಅಂತ ಅಗ್ನಿವೇಶರು ಹೊರಟಿದ್ದರು. 2018ರಲ್ಲಿ ಜಾರ್ಖಂಡಿನಲ್ಲಿ ಅವರನ್ನು ಬೀದಿಯಲ್ಲಿ ಕೆಡವಿ ಹೊಡೆದರು. 2020ರಲ್ಲಿ ತೀರಿಕೊಂಡರು.

ಹೊರದೇಶದ್ದು ಒಂದೇ ಉದಾಹರಣೆ ಕೊಡುತ್ತೇನೆ. ಪರಗ್ವೆಯ ಫರ್ನಾಂಡೊ ಲುಗೊ ಕ್ಯಾಥೊಲಿಕ್ ಬಿಷಪ್ ಆಗಿದ್ದವರು. ಬಡವರ ಬಿಷಪ್ ಅಂತಲೇ ಜನ ಕರೆಯುತ್ತಿದ್ದರು. 2008ರಲ್ಲಿ ಭೂಮಿ ಇಲ್ಲದವರ ಬೆಂಬಲದಿಂದ ಅಧ್ಯಕ್ಷರಾದರು, ಒಂದೇ ಪಕ್ಷದ 61 ವರ್ಷದ ಆಳ್ವಿಕೆ ಮುಗಿಯಿತು. ಮರುವರ್ಷವೇ, ಬಿಷಪ್ ಪಟ್ಟ ಇದ್ದಾಗಲೇ ತಮಗೊಂದು ಮಗು ಹುಟ್ಟಿದೆ ಅಂತ ಒಪ್ಪಿಕೊಳ್ಳಬೇಕಾಯಿತು. ದೇಶವೆಲ್ಲ ಅದೇ ಮಾತು. ಆದರೆ ಅಧಿಕಾರ ಹೋದದ್ದು ಅದರಿಂದಲ್ಲ. 2012ರ ಜೂನ್‌ನಲ್ಲಿ ಕುರುಗ್ವಾಟಿ ಎಂಬಲ್ಲಿ ಭೂಮಿ ಹಿಡಿದು ಕೂತಿದ್ದ ರೈತರನ್ನು ಎಬ್ಬಿಸುವಾಗ ಘರ್ಷಣೆಯಾಗಿ ರೈತರು, ಪೊಲೀಸರು ಸೇರಿ 17 ಜನ ಸತ್ತರು. ಒಂದು ವಾರದ ಒಳಗೆ ಅಲ್ಲಿನ ಸಂಸತ್ತು ಅವರನ್ನು ಕಿತ್ತುಹಾಕಿತು. ಅವರು ಮಾತು ಕೊಟ್ಟಿದ್ದ ಭೂಸುಧಾರಣೆ ಆಗಲೇ ಇಲ್ಲ. ಆ ಮಗುವಿನ ತಾಯಿಗೆ ಆದ ಅನ್ಯಾಯ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಜನ ಮಲಗುವ ಕೋಣೆಯ ಸುದ್ದಿಯಲ್ಲಿ ಮುಳುಗಿದ್ದಾಗ ಭೂಮಿಯ ಪ್ರಶ್ನೆ ಹಾಗೇ ಉಳಿದುಬಿಟ್ಟಿತು ಅನ್ನುವುದು ನನ್ನ ಸಂಕಟ.

ಈಗ ವಾಪಸ್ ಕೊಡಗಿಗೆ ಬರೋಣ. ನಮ್ಮ ಅಕ್ಕನ ಮುಂದೆ ಇವತ್ತು ಇರುವ ಕೆಲಸ ಏನು?

ಕಾಫಿಗೆ ಬೆಲೆ ಬಂದಿದೆ. 2024ರಲ್ಲಿ ರೊಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, 50 ಕಿಲೋ ಮೂಟೆಗೆ 10 ಸಾವಿರ ರೂಪಾಯಿ ದಾಟಿತು. ನಮ್ಮ ತಲೆಮಾರು ಅಂಥ ಬೆಲೆ ಕಂಡಿರಲಿಲ್ಲ. ಎಷ್ಟೋ ಮನೆಗಳ ಸಾಲ ತೀರಿತು, ಅದು ನಿಜಕ್ಕೂ ಸಂತೋಷದ ವಿಷಯ. ಆದರೆ ಆ ಬೆಲೆ ಕಣ ದಾಟಿ ಲೈನ್ ಮನೆ ತಲುಪಿತಾ? ತೋಟದ ಕೆಲಸಗಾರರಿಗೆ ಮನೆ, ಶೌಚಾಲಯ, ವೈದ್ಯ ಸೌಲಭ್ಯ ಕೊಡಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಅದು ಅವುಗಳೊಳಗೆ ಸೇರಿಹೋಯಿತು. ಹಳೆ ಕಾಯ್ದೆ ಅನ್ವಯ ಆಗುತ್ತಿದ್ದದ್ದು ಐದು ಹೆಕ್ಟೇರಿಗೆ ಕಡಿಮೆಯಿಲ್ಲದ, 15 ಜನಕ್ಕೆ ಕಡಿಮೆಯಿಲ್ಲದ ತೋಟಕ್ಕೆ. ಕೊಡಗಿನಲ್ಲಿ ಸಣ್ಣ ಹಿಡುವಳಿಯೇ ಜಾಸ್ತಿ. ಹಾಗಾಗಿ ಎಷ್ಟೋ ಲೈನ್ ಮನೆಗಳು ಯಾವ ಕಾಯ್ದೆಯ ಕಣ್ಣಿಗೂ ಬೀಳಲಿಲ್ಲ. ಜಾಗ ಮಾಲೀಕರದ್ದು, ಆದ್ದರಿಂದ ಪಂಚಾಯಿತಿಯೂ ಅಲ್ಲಿ ಮನೆ ಕಟ್ಟಿಕೊಡಲು ಆಗುವುದಿಲ್ಲ. ಕೆಲಸ ಬಿಟ್ಟ ದಿನ ಮನೆಯೂ ಹೋಗುತ್ತದೆ.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದದ್ದು ಇದರ ಮುಂದುವರಿಕೆ. ಲೈನ್ ಮನೆ ಸಾಕು ಅಂತ ಹೊರಬಂದ ಐನೂರಕ್ಕೂ ಹೆಚ್ಚು ಕುಟುಂಬಗಳು ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಅವನ್ನು ಕಿತ್ತುಹಾಕಿದರು. ಹೆಂಗಸರು, ಮಕ್ಕಳು ಚಳಿಯಲ್ಲಿ ಬಯಲಿಗೆ ಬಿದ್ದರು. ಹೋರಾಟ ನಡೆದು ಕಡೆಗೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಸಿಕ್ಕಿತು. ತೊಂಬತ್ತು ದಾಟಿದ್ದ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಅವರು ಬಂದು ಅವರ ಜೊತೆ ನಿಂತರು. ನಮ್ಮ ಜಿಲ್ಲೆಯವರೇ ಆದ ಎ.ಕೆ. ಸುಬ್ಬಯ್ಯ ಅವರೂ ಅವರ ಪರ ನಿಂತರು. ಸುಬ್ಬಯ್ಯ ರಾಜ್ಯದಲ್ಲಿ ಬಿಜೆಪಿಯ ಮೊದಲ ಅಧ್ಯಕ್ಷರಾಗಿದ್ದವರು, ಆಮೇಲೆ ಆ ಪಕ್ಷದ ಕಟು ಟೀಕಾಕಾರರಾದವರು. ಒಬ್ಬ ಕೊಡಗಿನ ರಾಜಕಾರಣಿ ಇಷ್ಟು ದೂರ ನಡೆಯಬಹುದು ಅಂತ ಅವರು ತೋರಿಸಿದ್ದರು.

ಇನ್ನೊಂದು ಕಡೆ 2022ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಬಂತು. ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ 25 ಎಕರೆವರೆಗೆ, 30 ವರ್ಷಕ್ಕೆ ಗುತ್ತಿಗೆ ಕೊಡಬಹುದು ಅಂತ. ಸಣ್ಣ ಬೆಳೆಗಾರರ ಕಷ್ಟ ನನಗೆ ಗೊತ್ತು, ನಾನೂ ಅಂಥ ಮನೆಯವನೇ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪೈಸಾರಿ, ಅಂದರೆ ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿದವನನ್ನು ಎಬ್ಬಿಸುತ್ತಾರೆ, ಪೈಸಾರಿ ಜಾಗದಲ್ಲಿ ಕಾಫಿ ಹಾಕಿದವನಿಗೆ ಗುತ್ತಿಗೆ ಪತ್ರ ಸಿಗುತ್ತದೆ. ಯಾವ ಧರ್ಮಗ್ರಂಥ ತೆಗೆದು ನೋಡಿದರೂ ಇದನ್ನು ನ್ಯಾಯ ಅಂತ ಹೇಳಲು ಬರುವುದಿಲ್ಲ. ಅಕ್ಕನ ಪಕ್ಷ ಹುಟ್ಟುವುದಾದರೆ ಈ ಎರಡು ಜಾಗಗಳ ನಡುವೆ ಹುಟ್ಟಬೇಕು.

ಧರ್ಮದ ಭಾಷೆಯಲ್ಲಿ ಹಕ್ಕು ಕೇಳುವುದನ್ನು ಕಾಡಿನವರು ಈಗಾಗಲೇ ಶುರು ಮಾಡಿದ್ದಾರೆ. 2025ರ ಮೇ ತಿಂಗಳಲ್ಲಿ ಜೇನುಕುರುಬರ 52 ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ವಾಪಸ್ ಹೋದವು. ಅವರ ಕೈಯಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಇತ್ತು. ಬಾಯಲ್ಲಿ ಮಾತ್ರ ದೇವರ ಮಾತು. ನಮ್ಮ ದೇವರುಗಳು, ನಮ್ಮ ಹಿರಿಯರು ಈ ಕಾಡಿನಲ್ಲೇ ಇದ್ದಾರೆ, ಅವರನ್ನು ಬಿಟ್ಟು ಹೇಗಿರೋದು ಅಂತ. ನಾವು ಇದನ್ನು ಸುಮ್ನೆ ಅರಣ್ಯ ಇಲಾಖೆಯ ತಕರಾರು ಅಂತ ಓದಿ ಪುಟ ತಿರುಗಿಸಿದೆವು. ನನ್ನ ಕಣ್ಣಿಗೆ ಇದು ಕೊಡಗಿನ ಧಾರ್ಮಿಕ ಎಡಪಂಥದ ಮೊದಲ ಹೆಜ್ಜೆಯ ಹಾಗೆ ಕಾಣುತ್ತದೆ, ಪಕ್ಷ ಇಲ್ಲದೆಯೇ.

ಹಾಗಾದರೆ ಅಕ್ಕನನ್ನು ಹೇಗೆ ಅಳೆಯಬೇಕು? ಭಾಷಣ ಕೇಳಬೇಡಿ. ಹಬ್ಬದ ದಿನ ಅವಳ ಮನೆಯ ಹಿಂದಿನ ಬಾಗಿಲಿಗೆ ಹೋಗಿ, ಅಲ್ಲಿ ಯಾರಿಗಾದರೂ ಬೇರೆ ಎಲೆ ಹಾಕಿದ್ದಾರಾ ನೋಡಿ. ರೈಟರ ಪುಸ್ತಕದಲ್ಲಿ ಹಳೆ ಮುಂಗಡ ಹೊಡೆದುಹಾಕಿದ್ದಾಳಾ ಕೇಳಿ. ಅವಳ ತಂಗಿ ಯಾರನ್ನು ಮದುವೆಯಾದಳು, ಆಗ ಅಕ್ಕ ಎಲ್ಲಿ ನಿಂತಿದ್ದಳು ಅಂತ ವಿಚಾರಿಸಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಸುಂಟಿಕೊಪ್ಪದ ಗುಂಡುಕುಟ್ಟಿ ತೋಟದಲ್ಲಿದ್ದ ಕಥೆಗಾರ್ತಿ ಗೌರಮ್ಮ, ಅವರು ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತರು. ಅವರು ಬಂದಾಗ ಮೈಮೇಲಿನ ಒಡವೆ ತೆಗೆದು ಹರಿಜನ ನಿಧಿಗೆ ಕೊಟ್ಟರು. ಇಪ್ಪತ್ತೆರಡರ ಆಸುಪಾಸಿನ ಹುಡುಗಿ ಆಕೆ. ಇವತ್ತಿನ ನಾಯಕಿಗೆ ಒಡವೆ ಕೊಡುವುದು ಸುಲಭ. ಅರ್ಧ ಎಕರೆ ಬರೆದುಕೊಡುವುದು ಕಷ್ಟ.

ಇದೆಲ್ಲ ಒಬ್ಬಳ ಮೇಲೆ ಹೊರಿಸಿದರೆ ಜಾಸ್ತಿಯಾಗಲ್ವಾ ಅಂತ ಕೇಳಬಹುದು. ಕೊಡಗಿನ ಕೂಲಿಯವರು ದೇವರನ್ನೇ ಇದರಿಂದ ಬಿಟ್ಟಿಲ್ಲ. ಮೇ ತಿಂಗಳಲ್ಲಿ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬದ ಕಥೆ ಗೊತ್ತಲ್ವಾ? ಅಯ್ಯಪ್ಪ ತನ್ನ ಜನರನ್ನು ಕಾಡಿಗೆ ಕರೆದುಕೊಂಡು ಹೋದ. ನಡುವೆ ಭದ್ರಕಾಳಿ ಕಂಡಳು, ಮನಸ್ಸು ಸೋತ. ಜನರನ್ನು ಕಾಡಿನಲ್ಲೇ ಬಿಟ್ಟು ಅವಳ ಹಿಂದೆ ಹೋದ. ಆ ಸಿಟ್ಟಿಗೆ ವರ್ಷಕ್ಕೊಂದು ಸಲ ಯರವರು, ಕುರುಬರು ವೇಷ ಹಾಕಿ, ಗಂಡಸರು ಹೆಂಗಸರ ಬಟ್ಟೆ ತೊಟ್ಟು, ಸೋರೆಬುರುಡೆ, ಡಬ್ಬ ಬಡಿಯುತ್ತ ಅವನನ್ನು ಬಾಯಿಗೆ ಬಂದ ಹಾಗೆ ಬಯ್ಯುತ್ತಾರೆ. ಪೇಟೆಯವರನ್ನೂ ಬಯ್ಯುತ್ತಾರೆ, ಸಾವ್ಕಾರರನ್ನೂ ಬಯ್ಯುತ್ತಾರೆ, ದುಡ್ಡು ಕೇಳುತ್ತಾರೆ. ಆಮೇಲೆ ದೇವಸ್ಥಾನಕ್ಕೆ ಹೋಗಿ ಅದೇ ದೇವರಿಗೆ ತಪ್ಪಾಯಿತು ಅಂತ ಕೈಮುಗಿಯುತ್ತಾರೆ. ತಮ್ಮನ್ನು ಮುಂದೆ ನಡೆಸಿದವನು ಸ್ವಂತ ಸುಖಕ್ಕೆ ಕೈಬಿಟ್ಟರೆ ಕೇಳುವ ಹಕ್ಕು ನಮಗಿದೆ ಅಂತ ಇಷ್ಟು ನೇರವಾಗಿ ಹೇಳುವ ಹಬ್ಬ ಬೇರೆ ಎಲ್ಲಿದೆ? ಅಕ್ಕ ಗೆದ್ದ ಮರುವರ್ಷ ಅವರು ಅವಳ ಗೇಟಿಗೂ ಬರುತ್ತಾರೆ. ಆಗ ಅವಳು ಹೊರಗೆ ಬಂದು ನಿಂತು ಪೂರ್ತಿ ಕೇಳಿಸಿಕೊಳ್ಳಬೇಕು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ವರ್ಷ ಅವರು ನಮ್ಮ ಅಂಗಳಕ್ಕೂ ಬಂದಿದ್ದರು. ವೇಷದಲ್ಲಿದ್ದರೂ ಗುರುತು ಸಿಕ್ಕಿತು, ಅರ್ಧದಷ್ಟು ಜನ ನಮ್ಮ ಲೈನ್ ಮನೆಯವರೇ. ಹಾಡಿನ ನಡುವೆ ಸೋರುವ ಮಾಡಿನ ವಿಷಯ ಬಂತು, ಮಗು ನೆನೆದು ಜ್ವರ ಬಂದ ವಿಷಯ ಬಂತು. ಅಮ್ಮ ನಮ್ಮನ್ನು ಒಳಗೆ ಕರೆದರು. ಅಪ್ಪ ಹೊರಗೇ ನಿಂತಿದ್ದರು, ಮಾತಾಡಲಿಲ್ಲ, ದುಡ್ಡು ಕೊಟ್ಟು ಕಳಿಸಿದರು. ಮಳೆ ಹಿಡಿಯಲು ಇನ್ನು ಹತ್ತು ದಿನ ಇತ್ತು. ಆ ವಾರ ನಮ್ಮ ಜೀಪಿನಲ್ಲಿ ಹೆಂಚು ಬಂತು.